2020ರ ಒಂದು ಲೀಟರ್ ಟರ್ಬೊ ಪೆಟ್ರೋಲ್ ಕಾರು, 58,000 ಕಿ.ಮೀ. ಓಡಿದೆ. ತೀರ್ಥಹಳ್ಳಿ ಕಡೆಯ ಓಡಾಟಕ್ಕೆ ತಗೊಳ್ಳಬಹುದಾ?

ದಿನಾ ತೋಟದಿಂದ ಪೇಟೆಗೆ ಐದು ಕಿಲೋಮೀಟರ್, ತಿಂಗಳಿಗೆ ಒಂದೆರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿಗೆ ಅಂತ ಬರೆದಿದ್ದೀರಿ. ‘ಮೂರೇ ಸಿಲಿಂಡರಿನ ಪುಟ್ಟ ಎಂಜಿನ್ ಘಾಟಿ ಹತ್ತಿ ಹತ್ತಿ ಸವೆದು ಹೋಗಲ್ವಾ’ ಅನ್ನೋದು ನಿಮ್ಮ ಚಿಂತೆ. ನಾನು ಹೊಸನಗರ ತಾಲೂಕಿನವನು, ಅಡಿಕೆ ತೋಟ ಇದೆ, ಇಂಥದ್ದೇ ಒಂದು ಕಾರನ್ನು ಆರು ವರ್ಷದಿಂದ ಓಡಿಸುತ್ತಿದ್ದೇನೆ. 94,000 ಕಿ.ಮೀ. ದಾಟಿದೆ. ಘಾಟಿಯ ಚಿಂತೆ ಬಿಡಿ. ನನಗೆ ಭಯ ಇರೋದು ನಿಮ್ಮ ಆ ಐದು ಕಿಲೋಮೀಟರಿನ ಬಗ್ಗೆ.

ಮೊದಲು ಎಂಜಿನ್ನಿನ ತಾಕತ್ತು ನೋಡೋಣ. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪುಟ್ಟ ಚಕ್ರ. ಯಾವ ಕಂಪನಿಯದ್ದು ಅಂತ ನೀವು ಹೇಳಿಲ್ಲ, ಹಾಗಾಗಿ ಒಂದಷ್ಟು ಲೆಕ್ಕ ಕೊಡುತ್ತೇನೆ. ಹ್ಯುಂಡೈ ವೆನ್ಯೂದ ಟರ್ಬೊ 998 ಸಿಸಿ, 120 ಪಿಎಸ್ (ಅಶ್ವಶಕ್ತಿ), 172 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ). ಸ್ಕೋಡಾ ರಾಪಿಡ್, ಫೋಕ್ಸ್‌ವ್ಯಾಗನ್ ಪೋಲೊಗಳ ಒಂದು ಲೀಟರ್ ಟಿಎಸ್ಐ 999 ಸಿಸಿ, 110 ಪಿಎಸ್, 175 ನ್ಯೂಟನ್ ಮೀಟರ್. ಟಾಟಾ ನೆಕ್ಸಾನ್ 1,199 ಸಿಸಿಯಲ್ಲಿ 120 ಪಿಎಸ್, 170 ನ್ಯೂಟನ್ ಮೀಟರ್. ಟರ್ಬೊ ಇಲ್ಲದ ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಪಕ್ಕಕ್ಕಿಡಿ: 90 ಪಿಎಸ್, 113 ನ್ಯೂಟನ್ ಮೀಟರ್, ಅದೂ 4,400 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು). ಟರ್ಬೊದಲ್ಲಿ ಪೂರ್ತಿ ಟಾರ್ಕ್ 1,500ರಿಂದ 2,000 ಆರ್‌ಪಿಎಂ ಒಳಗೇ ಸಿಕ್ಕಿಬಿಡುತ್ತೆ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಐದು ಜನರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಬಂದಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ. ಹತ್ತುವಾಗ ಎಂಜಿನ್ ಬಿಸಿಯಾಗಿರುತ್ತೆ, ಎಣ್ಣೆ ತೆಳುವಾಗಿ ಎಲ್ಲ ಕಡೆ ಹರಿಯುತ್ತಿರುತ್ತೆ. ಎಂಜಿನ್ನಿಗೆ ಹಿತವಾದ ಕೆಲಸ ಅದು.

ಈಗ ಐದು ಕಿಲೋಮೀಟರಿನ ಕಥೆ. ನಮ್ಮ ಮನೆಯಿಂದ ಡೈರಿ, ಸೊಸೈಟಿ, ಅಂಗಡಿ ಎಲ್ಲ ಸೇರಿ ನಾಲ್ಕು ಕಿ.ಮೀ. ಮೂರನೇ ವರ್ಷದ ಮಳೆಗಾಲದಲ್ಲಿ, ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದಾಗ, ಕಾರು ಎರಡು ತಿಂಗಳು ಅಷ್ಟೇ ಓಡಿತ್ತು. ಒಂದು ಬೆಳಿಗ್ಗೆ ಬಾನೆಟ್ ಎತ್ತಿ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಎಳೆದೆ. ಎಣ್ಣೆ ಮೇಲಿನ ಗೆರೆಗಿಂತ ಅರ್ಧ ಬೆರಳು ಮೇಲಿದೆ! ನಾನು ಒಂದು ಹನಿ ಹಾಕಿರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದರೆ ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ನೊರೆಯಂಥದ್ದು ಮೆತ್ತಿತ್ತು. ಸರ್ವಿಸಿಗೆ ಕೊಟ್ಟಲ್ಲಿ ‘ಎಣ್ಣೆ ಕಮ್ಮಿ ಆಗಿಲ್ಲ ಅಂದ್ರೆ ಎಂಜಿನ್ ಗಟ್ಟಿ ಇದೆ ಅಂತ ಅರ್ಥ’ ಅಂದರು. ಅದನ್ನು ನಂಬಿ ಸುಮ್ಮನಿದ್ದಿದ್ದರೆ ಇವತ್ತು ಈ ಉತ್ತರ ಬೇರೆ ಥರ ಇರುತ್ತಿತ್ತು.

ಆಗುವುದಿಷ್ಟು. ತಣ್ಣಗಿರುವ ಎಂಜಿನ್ನಿಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತೆ. ಅದರಲ್ಲಿ ಸ್ವಲ್ಪ ಉರಿಯದೆ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಣ್ಣೆಗೆ ಸೇರುತ್ತೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇದು ಜಾಸ್ತಿ. ಎಣ್ಣೆ ಚೆನ್ನಾಗಿ ಕಾದರೆ ಆ ಪೆಟ್ರೋಲೂ ನೀರಿನ ಪಸೆಯೂ ಆವಿಯಾಗಿ ಹೊರಟು ಹೋಗುತ್ತವೆ. ಆದರೆ ಐದು ಕಿಲೋಮೀಟರಿಗೆ ಎಣ್ಣೆ ಕಾಯುವುದೇ ಇಲ್ಲ. ಮೀಟರಿನ ಮುಳ್ಳು ಮಧ್ಯಕ್ಕೆ ಬಂದಿರಬಹುದು, ಅದು ಕೂಲೆಂಟಿನ, ಅಂದರೆ ಎಂಜಿನ್ ತಣಿಸುವ ನೀರಿನ ಬಿಸಿ. ಎಣ್ಣೆ ಬಿಸಿಯಾಗಲು ಅದಕ್ಕಿಂತ ಬಹಳ ಹೊತ್ತು ಬೇಕು. ಪೆಟ್ರೋಲ್ ಬೆರೆತು ನೀರಾದ ಎಣ್ಣೆಯ ಮೇಲೇ ಟರ್ಬೊದ ದಂಡ ತಿರುಗಬೇಕು. ಈ ಸಣ್ಣ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ಹೋಗುತ್ತವೆ, ಒಂದು ಬದಿಗೆ ತಾಗುವ ಹೊಗೆ 900 ಡಿಗ್ರಿ ದಾಟಿರುತ್ತೆ. ದಂಡಕ್ಕೂ ಬೇರಿಂಗಿಗೂ ನಡುವೆ ಇರೋದು ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪದರ ಒಂದೇ. ಟರ್ಬೊ ಹೋಯಿತು ಅಂತ ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಎಣ್ಣೆಯ ಇತಿಹಾಸ.

ಹಾಗಾಗಿ ನನ್ನ ಕ್ರಮ ಹೀಗೆ. ಕಂಪನಿ 10,000 ಅಥವಾ 15,000 ಕಿ.ಮೀ. ಅಂತ ಬರೆದಿರಲಿ, ನಾನು ಮಳೆಗಾಲ ಮುಗಿದ ಕೂಡಲೇ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಾಯಿಸುತ್ತೇನೆ, ಓಡಿದ್ದು 4,000 ಆಗಿದ್ದರೂ ಸರಿ. ವಾರಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಅರ್ಧ ಮುಕ್ಕಾಲು ಗಂಟೆ ಒಂದೇ ಸಮ ಓಡಿಸುತ್ತೇನೆ. ನಿಮಗಾದರೆ ಮಂಡಗದ್ದೆವರೆಗೆ ಹೋಗಿ ಬಂದರೂ ಸಾಕು.

ಎಣ್ಣೆಯ ದರ್ಜೆ ವಿಷಯದಲ್ಲಿ ರಾಜಿ ಬೇಡ. ಡಬ್ಬದ ಮೇಲೆ ಎಪಿಐ (ಎಣ್ಣೆಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಎಸ್‌ಪಿ ಅಂತ ಅಥವಾ ಅದಕ್ಕಿಂತ ಹೊಸ ದರ್ಜೆ ಇರಬೇಕು, ದಪ್ಪ ಎಷ್ಟು ಅನ್ನೋದು ನಿಮ್ಮ ಕಾರಿನ ಪುಸ್ತಕದಲ್ಲಿದ್ದ ಹಾಗೆ. ಇದಕ್ಕೆ ಕಾರಣ ಇದೆ. ಕಮ್ಮಿ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಸಿಲಿಂಡರಿನೊಳಗೆ ಎಣ್ಣೆ ಹನಿಯೋ ಮಸಿಯ ಚೂರೋ ಸ್ಪಾರ್ಕಿಗೂ ಮೊದಲೇ ಹೊತ್ತಿಕೊಳ್ಳುವುದುಂಟು. ಒಂದೇ ಏಟಿಗೆ ಪಿಸ್ಟನ್ ಸೀಳಿದ ಉದಾಹರಣೆಗಳಿವೆ. ಇದನ್ನು ತಡೆಯಲೆಂದೇ 2018ರಲ್ಲಿ ಎಸ್ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ಬಂದವು. ನಮ್ಮ ಕಡೆ ಇದು ಯಾಕೆ ಮುಖ್ಯ ಅಂದರೆ, ನಾವೆಲ್ಲ ಡೀಸೆಲ್ ಜೀಪಿನಲ್ಲಿ ಡ್ರೈವಿಂಗ್ ಕಲಿತವರು. ಏರಿನಲ್ಲಿ ಮೂರನೇ ಗೇರಿನಲ್ಲೇ ಗುರ್ ಗುರ್ ಅನ್ನಿಸಿಕೊಂಡು ಎಳೆಸುವುದು ಜಾಣತನ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಟರ್ಬೊ ಪೆಟ್ರೋಲಿಗೆ ಅದನ್ನು ದಯವಿಟ್ಟು ಮಾಡಬೇಡಿ. ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಿ, 2,000ದ ಮೇಲಿಟ್ಟುಕೊಂಡು ಹತ್ತಿಸಿ. ಸದ್ದು ಹೆಚ್ಚಾಯಿತು ಅಂತ ಹೆದರುವ ಅಗತ್ಯ ಇಲ್ಲ. ಸೋಮೇಶ್ವರದಿಂದ ಹತ್ತಿ ಬಂದು ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಲ್ಲಿಸಿದ ತಕ್ಷಣ ಕೀಲಿ ತಿರುಗಿಸುವ ಬದಲು ಒಂದು ನಿಮಿಷ ಹಾಗೇ ಓಡಲು ಬಿಡಿ. ಇಲ್ಲದಿದ್ದರೆ ಟರ್ಬೊದೊಳಗೆ ನಿಂತ ಎಣ್ಣೆ ಸುಟ್ಟು ಕರಿ ಹಿಡಿಯುತ್ತೆ. ಎಂಜಿನ್ ನಿಂತ ಮೇಲೂ ಟರ್ಬೊಗೆ ನೀರು ಹರಿಸುವ ಪಂಪು ಈಗಿನ ಹಲವು ಕಾರುಗಳಲ್ಲಿದೆ, ಆದರೂ ನಾನು ಆ ಒಂದು ನಿಮಿಷ ಬಿಟ್ಟಿಲ್ಲ.

ನನ್ನ ಕಾರು ದಾರಿಯಲ್ಲಿ ಕೈಕೊಟ್ಟಿದ್ದು ಒಂದೇ ಸಲ, ಅದಕ್ಕೆ ಎಂಜಿನ್ ಕಾರಣ ಅಲ್ಲ. ಕುಂದಾಪುರದಿಂದ ವಾಪಸ್ ಬರುವಾಗ ಹುಲಿಕಲ್ ಘಾಟಿಯ ನಡುವೆ, ರಾತ್ರಿ ಎಂಟೂವರೆಗೆ, ‘ಫಟ್’ ಅಂತ ಸದ್ದಾಗಿ ಹಿಂದೆಯೇ ಬುಸ್ ಅಂತ ಗಾಳಿ. ಎಂಜಿನ್ ದೀಪ ಹೊತ್ತಿಕೊಂಡಿತು, ಎಳೆತ ಸತ್ತೇ ಹೋಯಿತು. ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಮೇಲೆ ತಂದೆ. ಮನೆಯವಳು, ಮಗು ಜೊತೆಗಿದ್ದರು, ಆ ಅರ್ಧ ಗಂಟೆ ಈಗಲೂ ನೆನಪಿದೆ. ಮರುದಿನ ಶಿವಮೊಗ್ಗದ ಒಬ್ಬ ಹಳೇ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಟರ್ಬೊ ಒತ್ತಡ ಕಮ್ಮಿ ಅಂತ ಬಂತು. ಟರ್ಬೊ ಬದಲಾಯಿಸಿ ಅಂತ ಹೇಳಲಿಲ್ಲ ಪುಣ್ಯಾತ್ಮ. ಪೈಪುಗಳನ್ನೆಲ್ಲ ಬಾಯಿ ಮುಚ್ಚಿ ಸಣ್ಣಗೆ ಗಾಳಿ ಹೊಡೆದು, ಸೋಪಿನ ನೀರು ಚಿಮುಕಿಸಿದರು. ಟರ್ಬೊದಿಂದ ಅದರ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಕ್ಲಾಂಪಿನ ಹತ್ತಿರ ಗುಳ್ಳೆ ಉಕ್ಕಿತು. ಪೈಪು ಸೀಳಿತ್ತು. ಅದನ್ನೊಂದು ಬದಲಾಯಿಸಿದ್ದಕ್ಕೆ ಎಳೆತ ಮೊದಲಿನ ಹಾಗೇ ಬಂತು. ಒತ್ತಡ ಕಮ್ಮಿ ಅಂದ ಕೂಡಲೇ ಟರ್ಬೊ ಬಿಚ್ಚಲು ಹೊರಡುವವರಿಗೆ ಈ ಸೋಪಿನ ನೀರಿನ ಪರೀಕ್ಷೆ ಮೊದಲು ಮಾಡಿ ಅಂತ ಹೇಳಿ. ಪೈಪು ಅಲ್ಲದಿದ್ದರೆ ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ವೇಸ್ಟ್‌ಗೇಟ್ ಆಕ್ಚುಯೇಟರ್ ನೋಡಬೇಕು. ಟರ್ಬೊ ಸರದಿ ಕೊನೆಗೆ.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಿಗೆ ಇನ್ನೊಂದು ಕಾಯಿಲೆ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿಗೆ ಮಸಿ ಕಟ್ಟುವುದು. ಪೆಟ್ರೋಲ್ ವಾಲ್ವನ್ನು ತೊಳೆಯುವುದಿಲ್ಲವಲ್ಲ, ಎಣ್ಣೆಯ ಆವಿ ಅಲ್ಲೇ ಗಟ್ಟಿಯಾಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ತಡವರಿಸಿ ಆಮೇಲೆ ಸರಿಯಾದರೆ ಅದರ ಮೇಲೆ ಅನುಮಾನ ಪಡಬಹುದು. ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ತಲುಪುವುದೇ ಇಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಹೊಡೆದು ತೆಗೆಯುವುದೇ ದಾರಿ. ವಾಲ್ವಿನ ಹೊರಗೇ ಪೆಟ್ರೋಲ್ ಚಿಮ್ಮಿಸುವ ನೆಕ್ಸಾನ್‌ನಂಥ ಪೋರ್ಟ್ ಇಂಜೆಕ್ಷನ್ ಎಂಜಿನ್‌ಗೆ ಈ ತಾಪತ್ರಯ ಇಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಸ್ಪಾರ್ಕಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೋದರೆ ಮೂರರಲ್ಲಿ ಒಂದು ಸಿಲಿಂಡರ್ ನಿಂತು ಕಾರು ಪೂರ್ತಿ ನಡುಗುತ್ತೆ, ಬದಲಾವಣೆ ಹತ್ತು ನಿಮಿಷದ ಕೆಲಸ. ಬೇಸಿಗೆಯಲ್ಲಿ ಇಂಟರ್‌ಕೂಲರಿನ ರೆಕ್ಕೆಗಳಿಗೆ ಕೆಂಪು ಧೂಳು ಕೂರುತ್ತೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಇಲಿ ಕಾಟ ನಿಮಗೂ ಗೊತ್ತಿರೋದೇ, ಟರ್ಬೊ ಕಾರಿನಲ್ಲಿ ಕಡಿಯಲು ಪೈಪುಗಳೂ ಜಾಸ್ತಿ. ಏಳು ಗೇರಿನ ಡ್ರೈ ಕ್ಲಚ್ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಆಗಿದ್ದರೆ ಮಾತ್ರ ನಾನು ಎರಡು ಸಲ ಯೋಚಿಸುತ್ತೇನೆ. ಘಾಟಿಯಲ್ಲಿ ಬಸ್ಸಿನ ಹಿಂದೆ ಇಂಚಿಂಚು ಜರುಗುವಾಗ ಅದರ ಕ್ಲಚ್ ಬೇಗ ಕಾಯುತ್ತೆ. ನಿಮ್ಮ ಓಡಾಟಕ್ಕೆ ಮ್ಯಾನುವಲ್ ವಾಸಿ.

ಕಾರು ನೋಡಲು ಬೆಳಿಗ್ಗೆ ಬೇಗ ಹೋಗಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಹೇಳಿರಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಡಿಪ್‌ಸ್ಟಿಕ್ ಎಳೆದು ಮೂಸಿ. ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಸೈಲೆನ್ಸರ್ ಹತ್ತಿರ ನಿಲ್ಲಿ. ಬಿಳಿ ಆವಿ ನಮ್ಮ ಚಳಿಗೆ ಸಹಜ, ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕೂಲೆಂಟ್ ಡಬ್ಬದಲ್ಲಿ ಮಟ್ಟ ಇಳಿದಿದ್ದರೆ ಥರ್ಮೋಸ್ಟಾಟ್, ವಾಟರ್ ಪಂಪ್ ಸುತ್ತ ಒಣಗಿದ ಬಣ್ಣದ ಕಲೆ ಹುಡುಕಿ. ಪೂರ್ತಿ ಕಾದ ಮೇಲೆ ಒಂದು ಉದ್ದದ ಏರಿನಲ್ಲಿ ಮೂರನೇ ಗೇರಿನಲ್ಲಿ 2,000ದಿಂದ ಒಂದೇ ಸಮ ಒತ್ತಿ, ನಡುವೆ ಎಲ್ಲೂ ಎಳೆತ ತುಂಡಾಗಬಾರದು. ಆಮೇಲೆ ಬಿಲ್ಲುಗಳನ್ನು ಕೇಳಿ ಕಿಲೋಮೀಟರ್ ಬಿಟ್ಟು ತಾರೀಖು ನೋಡಿ. ಎರಡು ಎಣ್ಣೆ ಬದಲಾವಣೆಗಳ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಎಲ್ಲಾದರೂ ಕಂಡರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಆ ಕಾರು ಬಿಟ್ಟು ಇನ್ನೊಂದು ನೋಡಿ ಮಾರಾಯ್ರೆ.