ಬೋಲ್ಟ್ ಮುಂದಿತ್ತು, ಟ್ರಿಗರ್ ಮುಟ್ಟಿರಲಿಲ್ಲ

ನಿಮ್ಮ ಅಜ್ಜನ 1944ರ ಫೋಟೋ, ಬರ್ಮಾ, ಕೈಯಲ್ಲಿ ಸ್ಟೆನ್ ಅನ್ನುವ ಗಿಡ್ಡ ಸಬ್-ಮಷೀನ್ ಗನ್ನು, ಎಡಗೈ ಹಿಡಿದಿರುವುದು ಅದರ ಮ್ಯಾಗಜೀನ್, ಅಂದರೆ ತೋಟಾ ತುಂಬುವ ಡಬ್ಬಿ. ‘ಪೈಪು, ಸ್ಪ್ರಿಂಗು ಬಿಟ್ಟರೆ ಏನೂ ಇಲ್ಲದ ಇಷ್ಟು ಸರಳ ಬಂದೂಕನ್ನು ಹೊಸಬರೂ ಆರಾಮಾಗಿ ಸಂಭಾಳಿಸಬಹುದಿತ್ತು ಅಲ್ವಾ, ಅಮೆರಿಕದ ಥಾಮ್ಸನ್ ಗನ್ನಿಗಿಂತ ಇದೇ ವಾಸಿ ಅಲ್ವಾ’ ಅಂತ ಕೇಳಿದ್ದೀರಿ. ಅಲ್ಲ. ಇಪ್ಪತ್ಮೂರರ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಫಲ ಇವತ್ತಿಗೂ ನನ್ನ ಎಡಗಿವಿಯಲ್ಲಿ ಜೀರುಂಡೆ ಥರ ಕೂಗುತ್ತಿದೆ.

ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಎ.ಪಿ.ಸಿ., ಅಂದರೆ ಸಶಸ್ತ್ರ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದವನು. ಯಾವ ಜಿಲ್ಲೆ ಅನ್ನುವುದು ಬೇಡ. ನಾಲ್ಕು ಕೆ.ಜಿ.ಯ 303 ರೈಫಲ್ಲು ಹೊತ್ತು ಹೊತ್ತು ಹೆಗಲು ಕಂದಿದ ನಮಗೆ ಎಸ್ಕಾರ್ಟ್ ಡ್ಯೂಟಿಗೆ ಸ್ಟೆನ್ ಸಿಕ್ಕಿದರೆ ಹಬ್ಬ. ಮೂರು ಕೆ.ಜಿ. ತೂಕ, ಮೊಣಕೈಗೆ ಒತ್ತಿ ಹಿಡಿದರೆ ಇದೆಯೋ ಇಲ್ಲವೋ ಅನ್ನಬೇಕು. ಬಂದೂಕುಗಳ ರಿಪೇರಿ ನೋಡಿಕೊಳ್ಳುತ್ತಿದ್ದ ನಮ್ಮ ಆರ್ಮರರ್ ಮಿಲಿಟರಿಯಿಂದ ಬಂದವರು. ಹೊಸ ಹುಡುಗರ ಮುಂದೆ ನ್ಯೂಸ್‌ಪೇಪರ್ ಹಾಸಿ, ಮಾತಾಡುತ್ತಲೇ ಅದನ್ನು ಬಿಚ್ಚಿಡುತ್ತಿದ್ದರು. ಬ್ಯಾರಲ್ಲು, ಒಳಗೆ ಹಿಂದೆ ಮುಂದೆ ಓಡುವ ಬೋಲ್ಟು, ಒಂದು ದಪ್ಪ ಸ್ಪ್ರಿಂಗು, ಹಿಂದುಗಡೆ ಹೆಗಲಿಗೆ ಒತ್ತಿಕೊಳ್ಳುವ ಕಬ್ಬಿಣದ ಬಟ್ಟು. ‘ಇದು ಬಂದೂಕಲ್ಲ ಕಣ್ರೋ, ಸೈಕಲ್ ಪಂಪು’ ಅನ್ನುವುದು ಅವರ ಮಾಮೂಲಿ ಡೈಲಾಗು.

ಆ ಪಂಪು ಹುಟ್ಟಿದ್ದೇ ತಾಪತ್ರಯದಲ್ಲಿ. 1940ರಲ್ಲಿ ಡಂಕರ್ಕ್‌ನಿಂದ ಪ್ರಾಣ ಉಳಿಸಿಕೊಂಡು ವಾಪಸಾದ ಬ್ರಿಟಿಷ್ ಸೈನ್ಯ ಬಹಳಷ್ಟು ಶಸ್ತ್ರಗಳನ್ನು ಫ್ರಾನ್ಸಿನಲ್ಲೇ ಬಿಟ್ಟು ಬಂದಿತ್ತು. ಅಮೆರಿಕದ ಥಾಮ್ಸನ್ ತರಿಸಿಕೊಳ್ಳೋಣ ಅಂದರೆ ಒಂದಕ್ಕೆ 200 ಡಾಲರಿನ ಆಸುಪಾಸು. 1941ರಲ್ಲಿ ಶೆಫರ್ಡ್ ಅನ್ನುವ ಮೇಜರ್, ಟರ್ಪಿನ್ ಅನ್ನುವ ಡಿಸೈನರ್ ಇಬ್ಬರೂ ಸೇರಿ ಇದನ್ನು ತಯಾರು ಮಾಡಿದರು. ಇಬ್ಬರ ಹೆಸರಿನ ಮೊದಲಕ್ಷರ, ಎನ್‌ಫೀಲ್ಡ್ ಕಾರ್ಖಾನೆಯ ಮೊದಲೆರಡು ಅಕ್ಷರ, ಒಟ್ಟಿಗೆ ಸ್ಟೆನ್. ತಗಡು ಒತ್ತಿ, ಪೈಪು ಕತ್ತರಿಸಿ, ವೆಲ್ಡ್ ಮಾಡಿ ಎರಡು-ಮೂರು ಪೌಂಡಿಗೆ ಒಂದರಂತೆ ಹೊರಬಿಟ್ಟರು. ಮಾರ್ಕ್ 3 ಅನ್ನುವ ನಮೂನೆಯನ್ನು ಮಾಡಿದ್ದು ಲೈನ್ಸ್ ಬ್ರದರ್ಸ್, ಅಂದರೆ ಮಕ್ಕಳ ಆಟಿಕೆ ಮಾಡುತ್ತಿದ್ದ ಕಂಪನಿ. ಎಲ್ಲ ಮಾರ್ಕುಗಳೂ ಸೇರಿ ಸುಮಾರು 40 ಲಕ್ಷ ತಯಾರಾದವು. ಬ್ರಿಟಿಷ್ ಸೈನಿಕರೇ ಅದನ್ನು ‘ಪ್ಲಂಬರನ ಕೆಟ್ಟ ಕನಸು’ ಅಂತ ಆಡಿಕೊಳ್ಳುತ್ತಿದ್ದರು.

ಇದೆಲ್ಲ ನೀವು ಓದಿಯೇ ಇರುತ್ತೀರಿ. ನಾನು ಹೇಳಬೇಕಾಗಿರುವುದು ಬೇರೆ.

1986ರ ಮಳೆಗಾಲ. ಕಳ್ಳತನದ ಕೇಸಿನ ಆಸಾಮಿಯೊಬ್ಬನನ್ನು ಮಂಗಳೂರು ಕಡೆಯ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ನಾವು ಇಬ್ಬರು ಕಾನ್‌ಸ್ಟೇಬಲ್‌ಗಳು, ಮೇಲೊಬ್ಬರು ದಫೇದಾರ್ರು, ಅಂದರೆ ಹೆಡ್ ಕಾನ್‌ಸ್ಟೇಬಲ್. ಬೆಳಗ್ಗೆ ಶಸ್ತ್ರಾಗಾರದಲ್ಲಿ ಸಹಿ ಹಾಕಿ ಗನ್ ತೆಗೆದುಕೊಂಡೆ. ಮಾಮೂಲಿ ನನಗೆ ಬರುತ್ತಿದ್ದ ಗನ್ ರಿಪೇರಿಗೆ ಹೋಗಿತ್ತು, ಬೇರೊಂದು ಕೊಟ್ಟರು. ನೋಡಲು ಎರಡೂ ಒಂದೇ. ವ್ಯತ್ಯಾಸ ಕಾಕಿಂಗ್ ಹ್ಯಾಂಡಲ್ಲಿನಲ್ಲಿತ್ತು, ಅಂದರೆ ಬೋಲ್ಟನ್ನು ಹಿಂದಕ್ಕೆಳೆಯುವ ಹಿಡಿಕೆಯಲ್ಲಿ. ನನ್ನ ಗನ್ನಿನಲ್ಲಿ ಬೋಲ್ಟು ಮುಂದಿರುವಾಗ ಆ ಹಿಡಿಕೆಯನ್ನು ಒಳಕ್ಕೆ ಒತ್ತಿದರೆ ಎದುರುಗಡೆಯ ತೂತಿಗೆ ಕೂತು ಬೋಲ್ಟು ಬಿಗಿಯಾಗುತ್ತಿತ್ತು. ಇದು ಆಮೇಲಿನ ಕಾಲದ ತಿದ್ದುಪಡಿ. ಮೊದಮೊದಲ ಗನ್ನುಗಳಿಗೆ ಆ ತೂತೇ ಇಲ್ಲ. ವ್ಯಾನ್ ಹತ್ತುವಾಗ ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಒತ್ತಿದೆ, ಹೋಗಲಿಲ್ಲ. ಗ್ರೀಸು ಗಟ್ಟಿಯಾಗಿರಬೇಕು ಅಂದುಕೊಂಡು ಸುಮ್ಮನಾದೆ.

ಅಷ್ಟಾದರೂ ಏನೂ ಆಗುತ್ತಿರಲಿಲ್ಲ. ಯಾಕೆಂದರೆ ಪ್ರಯಾಣದಲ್ಲಿ ಮ್ಯಾಗಜೀನ್ ಪೌಚಿನಲ್ಲಿರಬೇಕು, ಗನ್ನಿನಲ್ಲಲ್ಲ ಅನ್ನುವುದು ದಫೇದಾರ್ರ ಕಟ್ಟಪ್ಪಣೆ. ಸಕಲೇಶಪುರ ದಾಟುವವರೆಗೆ ಪೌಚಿನಲ್ಲೇ ಇತ್ತು. ಎದುರಿಗೆ ಕೂತಿದ್ದ ಆಸಾಮಿ ಬೇಡಿ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ನನ್ನ ಗನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, ‘ಏನ್ ಸಾರ್, ಬರೀ ಪೈಪ್ ಹಿಡ್ಕಂಡ್ ಕೂತಿದೀರಾ’ ಅಂದ. ಪಕ್ಕದ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ದಫೇದಾರ್ರಿಗೆ ಜೋಂಪು ಹತ್ತಿತ್ತು. ನನಗೆ ಎಲ್ಲಿತ್ತೋ ರೋಷ, ಪೌಚು ಬಿಚ್ಚಿ ಮ್ಯಾಗಜೀನ್ ತೆಗೆದು ಅವನ ಕಣ್ಣೆದುರೇ ಚಟ್ ಅಂತ ಹಾಕಿದೆ.

ಈ ತಪ್ಪನ್ನು ನಾನು ಸಾವಿರ ಸಲ ಬಿಡಿಸಿ ನೋಡಿದ್ದೇನೆ. ನಿಮಗೂ ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ರೈಫಲ್ಲಿನಲ್ಲಿ ಬೋಲ್ಟು ಮುಂದಿದ್ದರೆ ಅದು ಮುಚ್ಚಿದ ಬಾಗಿಲು, ಅಗುಳಿ ಬಿದ್ದಿರುತ್ತದೆ. ಸ್ಟೆನ್ನಿನ ಲೆಕ್ಕ ತಿರುಗುಮುರುಗು. ಅದು ಸಿಡಿಯಲು ತಯಾರಾಗಿರುವುದು ಬೋಲ್ಟು ಹಿಂದಿರುವಾಗ. ಟ್ರಿಗರ್ ಒತ್ತಿದರೆ ಬೋಲ್ಟು ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ನುಗ್ಗುತ್ತದೆ, ಹೋಗುವ ದಾರಿಯಲ್ಲಿ ಮ್ಯಾಗಜೀನಿನಿಂದ ಒಂದು ತೋಟಾ ಎಳೆದುಕೊಂಡು ಬ್ಯಾರಲ್ಲಿಗೆ ತುರುಕುತ್ತದೆ, ತುರುಕಿದ ಕ್ಷಣದಲ್ಲೇ ಹೊಡೆಯುತ್ತದೆ. ಹೊಡೆಯುವ ಪಿನ್ನು ಬೇರೆಯಾಗಿಲ್ಲ, ಬೋಲ್ಟಿನ ಮುಖದ ಮೇಲೇ ಇರುವ ಮೊಳೆ ಅದು. ಹೀಗಾಗಿ ಬೋಲ್ಟು ಮುಂದಿದ್ದರೆ ಬ್ಯಾರಲ್ ಖಾಲಿ, ಆದ್ದರಿಂದ ನಿಶ್ಚಿಂತೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಸುಳ್ಳೇನಲ್ಲ, ಅರ್ಧ ಸತ್ಯ.

ಉಳಿದರ್ಧ ಇಲ್ಲಿದೆ. ಬೋಲ್ಟು ಒಂದು ದಪ್ಪ ಉಕ್ಕಿನ ತುಂಡು, ಮುಂದಿರುವಾಗ ಅದನ್ನು ತಡೆದು ನಿಲ್ಲಿಸಿರುವುದು ಸ್ಪ್ರಿಂಗ್ ಒಂದೇ. ಗನ್ನಿನ ಬಟ್ಟು ನೆಲಕ್ಕೆ ಕುಕ್ಕಿದರೆ ಗನ್ ನಿಲ್ಲುತ್ತದೆ, ಬೋಲ್ಟು ನಿಲ್ಲುವುದಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ನಿಂತಿರುವವರು ಮುಂದಕ್ಕೆ ಬೀಳುತ್ತಾರಲ್ಲ, ಹಾಗೆ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದಕ್ಕೆ ಜಾರುತ್ತದೆ. ಪೂರ್ತಿ ಹಿಂದಕ್ಕೆ ಹೋದರೆ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ, ಪುಣ್ಯ. ಮುಕ್ಕಾಲು ದಾರಿ ಹೋದರೆ ಕೊಕ್ಕೆ ಸಿಗುವುದಿಲ್ಲ, ಆದರೆ ಮ್ಯಾಗಜೀನಿನ ಬಾಯಿಯನ್ನು ಆಗಲೇ ದಾಟಿರುತ್ತದೆ. ಅಲ್ಲಿಂದ ಸ್ಪ್ರಿಂಗು ವಾಪಸು ತಳ್ಳುತ್ತದೆ. ಬರುತ್ತಾ ತೋಟಾ ಎಳೆದುಕೊಂಡು ಬಂದು ಹೊಡೆಯುತ್ತದೆ. ಇಡೀ ವ್ಯವಹಾರದಲ್ಲಿ ಟ್ರಿಗರಿಗೆ ಯಾವ ಪಾತ್ರವೂ ಇಲ್ಲ, ನಿಮ್ಮ ಬೆರಳು ಕಾಶಿಯಲ್ಲಿದ್ದರೂ ಅಷ್ಟೇ.

ಶಿರಾಡಿ ಘಾಟಿಯಲ್ಲಿ ಟೀ ಅಂಗಡಿ ಹತ್ತಿರ ವ್ಯಾನ್ ನಿಂತಿತು. ನಾನು ಹಿಂದಿನಿಂದ ಧುಮುಕಿದೆ, ಎಡಗೈಯಲ್ಲಿ ಗನ್ನು, ಮೂತಿ ಮೇಲಕ್ಕೆ. ಕಾಲು ಕೆಸರಿನಲ್ಲಿ ಜಾರಿತು. ಬೀಳದ ಹಾಗೆ ಗನ್ನನ್ನು ಕೋಲಿನಂತೆ ಊರಿದೆ. ಬಟ್ಟಿಗೆ ಸಿಕ್ಕಿದ್ದು ರಸ್ತೆ ಪಕ್ಕದ ಕಲ್ಲು.

ಸದ್ದು ಕೇಳಿದ ನೆನಪೇ ಇಲ್ಲ. ಎಡಗಿವಿಗೆ ಯಾರೋ ಅರಳೆ ತುರುಕಿದ ಹಾಗಾಯಿತು, ಅಷ್ಟೇ. ನಮ್ಮ ಸ್ಲೌಚ್ ಹ್ಯಾಟಿನ ಎಡಗಡೆ ಅಂಚು ಮೇಲಕ್ಕೆ ಮಡಿಚಿರುತ್ತಿತ್ತಲ್ಲ, ಗುಂಡು ಆ ಮಡಿಕೆಯನ್ನು ತೂತು ಮಾಡಿ ವ್ಯಾನಿನ ಟಾಪಿಗೆ ಹೊಡೆದು ಆಚೆ ಹೋಗಿತ್ತು. ಎರಡು ಬೆರಳು ಈಚೆ ಬಂದಿದ್ದರೆ ಈ ಉತ್ತರವನ್ನು ಬೇರೆ ಯಾರಾದರೂ ಬರೆಯಬೇಕಿತ್ತು. ಕಣ್ಣು ಬಿಟ್ಟಾಗ ದಫೇದಾರ್ರು ನನ್ನ ತಲೆ, ಕತ್ತು, ಎದೆ ತಡವಿ ತಡವಿ ನೋಡುತ್ತಿದ್ದರು. ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ಮಳೆಯಲ್ಲಿ ಎಲ್ಲರೂ ಮಂಡಿಯೂರಿ ಹಾರಿದ ತೋಟಾದ ಖಾಲಿ ಕೇಸು ಹುಡುಕಿದೆವು. ರೌಂಡು ಹೋದರೆ ಖಾಲಿ ಕೇಸಾದರೂ ವಾಪಸು ಒಪ್ಪಿಸಬೇಕು, ಇಲ್ಲದಿದ್ದರೆ ಅದೇ ಇನ್ನೊಂದು ಕೇಸು. ಕೊನೆಗೆ ಸಿಕ್ಕಿದ್ದು ಆಸಾಮಿಯ ಕಣ್ಣಿಗೆ. ವ್ಯಾನಿನ ಬಾಗಿಲಲ್ಲಿ ಕೂತವನು ಕಾಲಿನಲ್ಲೇ ತೋರಿಸಿದ, ‘ಅಗೋ ಸಾರ್, ಚರಂಡೀಲಿ’.

ಇಲಾಖಾ ವಿಚಾರಣೆಯಲ್ಲಿ ಮೊದಲ ಪ್ರಶ್ನೆಯೇ ‘ಟ್ರಿಗರ್ ಯಾಕೆ ಒತ್ತಿದೆ?’ ಒತ್ತಿಲ್ಲ ಸಾರ್ ಅಂದರೆ ಯಾರು ನಂಬುತ್ತಾರೆ? ಆರ್ಮರರ್ ಬಂದು ಅದೇ ಗನ್ನನ್ನು ಖಾಲಿ ಇಟ್ಟುಕೊಂಡು ಮೇಜಿನ ಪಕ್ಕ ನೆಲಕ್ಕೆ ಕುಕ್ಕಿ ತೋರಿಸಿದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ‘ಠಕ್’ ಅಂತ ಬೋಲ್ಟು ಹೋಗಿ ಬಂತು. ಟ್ರಿಗರಿನ ಆರೋಪ ಬಿದ್ದುಹೋಯಿತು, ಅಪ್ಪಣೆ ಮೀರಿ ಮ್ಯಾಗಜೀನ್ ಹಾಕಿದ ಆರೋಪ ನಿಂತಿತು. ಎರಡು ವರ್ಷದ ವೇತನ ಬಡ್ತಿ ತಡೆದರು. ಹ್ಯಾಟಿನ ದುಡ್ಡನ್ನೂ ಸಂಬಳದಲ್ಲಿ ಹಿಡಿದರು, ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗು ಬಾರದ ಸಂಗತಿ ಅಂದರೆ, ಎಸ್ಕಾರ್ಟಿನ ಉಸ್ತುವಾರಿ ದಫೇದಾರ್ರದಾಗಿತ್ತು. ಎ.ಆರ್.ಎಸ್.ಐ. ಹುದ್ದೆಯ ಬಡ್ತಿ ಪಟ್ಟಿಯಲ್ಲಿದ್ದ ಅವರ ಹೆಸರು ಆ ವರ್ಷ ಹೋಯಿತು, ಮತ್ತೆ ಬರಲಿಲ್ಲ. ದಫೇದಾರ್ ಆಗಿಯೇ ರಿಟೈರಾದರು.

ಈಗ ನಿಮ್ಮ ಪ್ರಶ್ನೆ. ‘ಸರಳ’ ಅಂದಿರಲ್ಲ, ಯಾರಿಗೆ ಸರಳ? ಮಾಡುವವರಿಗೆ ಸರಳ. ಕಾರ್ಖಾನೆಯವರು ಕೈಬಿಟ್ಟ ಒಂದೊಂದು ಭಾಗದ ಕೆಲಸವೂ ಹಿಡಿಯುವವನ ಮೈಮೇಲೆ ಬಂತು. ಅದರ ಸೇಫ್ಟಿ ಅನ್ನುವುದು ಪೈಪಿನಲ್ಲಿ ಕೊರೆದ ಒಂದು ಕಚ್ಚು. ಹಿಡಿಕೆಯನ್ನು ಹಿಂದಕ್ಕೆಳೆದು ಮೇಲಕ್ಕೆ ತಿರುಗಿಸಿ ಆ ಕಚ್ಚಿಗೆ ಸಿಕ್ಕಿಸಬೇಕು. ಜೋರಾಗಿ ತಗುಲಿದರೆ ಅಲ್ಲಿಂದಲೂ ಕಳಚಿಕೊಳ್ಳುತ್ತಿತ್ತು. ಬಲಗಡೆ ಖಾಲಿ ಕೇಸು ಹಾರುವ ಕಿಂಡಿಯ ಹತ್ತಿರ ಬೆರಳು ಹೋಯಿತೋ, ಬೋಲ್ಟು ಕಚ್ಚುತ್ತದೆ. ಆಟಿಕೆ ಕಂಪನಿಯ ಮಾರ್ಕ್ 3ರಲ್ಲಿ ಅದಕ್ಕೆಂದೇ ಒಂದು ತಗಡಿನ ಅಡ್ಡ ಕೊಟ್ಟಿದ್ದರು. ಸ್ಟೆನ್ನಿನ ಮಟ್ಟಿಗೆ ನಾನು ನಂಬುವ ಸೇಫ್ಟಿ ಒಂದೇ, ಮ್ಯಾಗಜೀನ್ ಹೊರಗಿರುವುದು.

ನಿಮ್ಮ ಅಜ್ಜ ಮ್ಯಾಗಜೀನ್ ಹಿಡಿದಿರುವುದು ಫೋಟೋಕ್ಕೆ ಚೆಂದ. ನಮ್ಮ ಆರ್ಮರರ್ ನೋಡಿದ್ದರೆ ಕೈಮೇಲೆ ಬಡಿಯುತ್ತಿದ್ದರು. ಮ್ಯಾಗಜೀನ್ ಎಡಗಡೆಗೆ ಅಡ್ಡಲಾಗಿ ಚಾಚಿಕೊಂಡಿರುವುದರಿಂದ ಹಿಡಿ ಅಂತ ಅದೇ ಕರೆಯುತ್ತದೆ. ಅಂಗೈಯನ್ನು ಕೆಳಗಿನಿಂದ ತಂದು ಬ್ಯಾರಲ್ಲಿನ ಸುತ್ತಲಿನ ತಗಡಿನ ತೋಳನ್ನು ಹಿಡಿಯಬೇಕು, ಮ್ಯಾಗಜೀನ್ ಮುಂಗೈ ಮೇಲೆ ಒರಗಬೇಕು. ಮ್ಯಾಗಜೀನನ್ನೇ ಜಗ್ಗಿ ಹಿಡಿದರೆ ಅದರ ಕೊಂಡಿ ಸವೆದು ಬಾಯಿ ಓರೆಯಾಗುತ್ತದೆ, ತೋಟಾ ಸೊಟ್ಟಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸ್ಟೆನ್ನಿನ ನಿಜವಾದ ರೋಗ ಇರುವುದೇ ಅಲ್ಲಿ. 32 ತೋಟಾ ಎರಡು ಸಾಲಾಗಿ ಮೇಲೆ ಬಂದು, ಬಾಯಿಯ ಹತ್ತಿರ ಒಂದೇ ಸಾಲಾಗಬೇಕು. ಸಿನಿಮಾ ಟಾಕೀಸಿನ ಗೇಟಿನಲ್ಲಿ ಆಗುವ ನೂಕುನುಗ್ಗಲೇ ಅಲ್ಲೂ ಆಗುತ್ತದೆ. ಒಂದು ಚೂರು ಮಣ್ಣು, ಬಾಯಿಯ ತಗಡಿಗೊಂದು ನಗ್ಗು, ಮುಗಿಯಿತು. ಅನುಭವಸ್ಥರು 28, 30 ತುಂಬಿ ನಿಲ್ಲಿಸುತ್ತಿದ್ದರು. 1942ರ ಮೇ 27ರಂದು ಪ್ರಾಗ್‌ನಲ್ಲಿ ನಾಜಿ ಅಧಿಕಾರಿ ಹೈಡ್ರಿಕ್‌ನ ಕಾರಿಗೆ ಗಾಬ್ಚಿಕ್ ಅನ್ನುವ ಸೈನಿಕ ಎದುರಾಎದುರು ನಿಂತು ಟ್ರಿಗರ್ ಒತ್ತಿದರೆ ಸ್ಟೆನ್ ಕೆಲಸ ಮಾಡಲೇ ಇಲ್ಲ. ಜೊತೆಗಾರ ಕುಬಿಷ್ ಬಾಂಬು ಎಸೆದದ್ದರಿಂದ ಕೆಲಸವಾಯಿತು. ಅಲ್ಲಿ ಬೇಕಾದಾಗ ಹಾರಲಿಲ್ಲ, ನನಗೆ ಬೇಡದಾಗ ಹಾರಿತು. ಇದನ್ನು ಸುಲಭದ ಬಂದೂಕು ಅನ್ನಿ ನೋಡೋಣ.

ಥಾಮ್ಸನ್ ಮೇಲೋ ಸ್ಟೆನ್ ಮೇಲೋ ಅನ್ನುವುದು ಕೂತು ಆಡುವ ಚರ್ಚೆ. ಬರ್ಮಾದಲ್ಲಿ ನಮ್ಮವರ ಕೈಯಲ್ಲಿ ಎರಡೂ ಇದ್ದವು. ಥಾಮ್ಸನ್ ಭಾರ, ನಾಲ್ಕೂವರೆ-ಐದು ಕೆ.ಜಿ., ಆದರೆ ಕೆತ್ತನೆ ಕೆಲಸ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು. ನಾನಾದರೆ ಭಾರವನ್ನೇ ಹೊರುತ್ತಿದ್ದೆ. ಆದರೆ 1941ರಲ್ಲಿ ಬ್ರಿಟನ್ನಿಗೆ ಇದ್ದ ಆಯ್ಕೆ ಥಾಮ್ಸನ್ನೋ ಸ್ಟೆನ್ನೋ ಅಲ್ಲ, ಸ್ಟೆನ್ನೋ ಬರಿಗೈಯೋ ಅನ್ನುವುದು.

ಇನ್ನೊಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಪೊಲೀಸರ ಕೈಯಲ್ಲಿದ್ದ ಗಿಡ್ಡ ಗನ್ನುಗಳೆಲ್ಲ ‘ಸ್ಟೆನ್ ಗನ್’. ಅದರಲ್ಲಿ ಎಷ್ಟೋ ನಿಜಕ್ಕೂ ಸ್ಟರ್ಲಿಂಗ್ ಕಾರ್ಬೈನುಗಳು, ನಮ್ಮ ಕಾನ್ಪುರದಲ್ಲೇ ತಯಾರಾದವು. ಬಾಗಿದ ಮ್ಯಾಗಜೀನ್, ಬ್ಯಾರಲ್ಲಿನ ಉದ್ದಕ್ಕೂ ತೂತುಗಳ ಕವಚ ಇದ್ದರೆ ಸ್ಟರ್ಲಿಂಗ್. ಮ್ಯಾಗಜೀನ್ ಸ್ಕೇಲಿನಂತೆ ನೆಟ್ಟಗಿದ್ದರೆ ಸ್ಟೆನ್. 1944ರ ಫೋಟೋ ಅಂದಮೇಲೆ ನಿಮ್ಮದು ಸ್ಟೆನ್ನೇ ಇರಬೇಕು, ಆದರೂ ಒಮ್ಮೆ ನೋಡಿಕೊಳ್ಳಿ. ಗನ್ನು ಪೂರ್ತಿ ಕಾಣುವ ಹಾಗಿದ್ದರೆ ಫೋಟೋ ಹಾಕಿ, ಯಾವ ಮಾರ್ಕು ಅಂತ ಹೇಳುತ್ತೇನೆ.

ದಫೇದಾರ್ರು ಏನಾದರು ಅಂತ ಕೇಳುವವರಿಗೆ: ರಿಟೈರಾದ ಮೇಲೆ ಅವರ ಮಗನ ಮದುವೆಗೆ ಕರೆದಿದ್ದರು. ಹೋಗುವುದೋ ಬೇಡವೋ ಅಂತ ಅಳುಕಿಕೊಂಡೇ ಹೋಗಿ ಪಂಕ್ತಿಯ ಕೊನೆಯಲ್ಲಿ ಕೂತಿದ್ದೆ. ಎಡಕ್ಕೆ ಜಾಗ ಖಾಲಿಯಿತ್ತು. ಅವರು ಅಲ್ಲಿ ಕೂರಲಿಲ್ಲ, ಸುತ್ತು ಹಾಕಿಕೊಂಡು ಬಲಗಡೆಗೆ ಬಂದರು, ಅಲ್ಲಿದ್ದ ಹುಡುಗನನ್ನು ಎಬ್ಬಿಸಿ ಕೂತು, ಕಿವಿ ಹತ್ತಿರ ಬಗ್ಗಿ ‘ಪಾಯಸ ಬಂತೇನಪ್ಪಾ’ ಅಂದರು.