ಓದುಗರ ಪ್ರಶ್ನೆ: ಬೆಂಗಳೂರಿನ ಸರಸ್ ವಿಮಾನ ಎಲ್ಲಿಗೆ ಬಂದು ನಿಂತಿತು?

ಪ್ರಶ್ನೆ (ಹಾಸನದ ಓದುಗರೊಬ್ಬರು): ಸರಸ್ ಅನ್ನೋ ಚಿಕ್ಕ ವಿಮಾನದ ಬಗ್ಗೆ ಒಂದು ಕಾಲದಲ್ಲಿ ಪೇಪರ್‌ನಲ್ಲಿ ತುಂಬಾ ಬರುತ್ತಿತ್ತು. ಆಮೇಲೆ ಸುದ್ದಿಯೇ ಇಲ್ಲ. ಅದು ಹಾರಲೇ ಇಲ್ವಾ?

ಉತ್ತರ: ಹಾರಿತು, ಚೆನ್ನಾಗಿಯೇ ಹಾರಿತು. ಆದರೆ ಮೂಲಮಾದರಿಯ ಹಂತ ದಾಟಲಿಲ್ಲ. ಕೊಳ್ಳುವವರ ಕೈಗೆ ಒಂದೂ ಸೇರಲಿಲ್ಲ.

ಬೆಂಗಳೂರಿನ ಎನ್‌ಎಎಲ್‌ನಲ್ಲಿ, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ 1980ರ ದಶಕದಲ್ಲೇ ಇದರ ಯೋಚನೆ ಶುರುವಾಗಿತ್ತು. ಚಿಕ್ಕ ಊರುಗಳ ನಡುವೆ ಓಡಾಡುವ, 14 ಜನ ಕೂರುವ, ಎರಡು ಎಂಜಿನ್‌ನ ವಿಮಾನ ನಮ್ಮಲ್ಲೇ ಆಗಬೇಕು ಅನ್ನುವುದು ಆಸೆ. ರಷ್ಯಾದ ಮ್ಯಾಸಿಶ್ಚೆವ್ ಸಂಸ್ಥೆ ಜೊತೆಗಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವರ ಹತ್ತಿರ ದುಡ್ಡಿರಲಿಲ್ಲ, ಬಿಟ್ಟು ಹೋದರು. 1998ರಲ್ಲಿ ಪೋಖರಣ್ ಪರೀಕ್ಷೆಯಾದ ಮೇಲೆ ಅಮೆರಿಕದ ನಿರ್ಬಂಧಗಳೂ ಬಂದವು. ಕೊನೆಗೆ 1999ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಮೊದಲ ಹಾರಾಟ ಆಗಿದ್ದು 2004ರ ಮೇ 29ರಂದು, ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಎರಡನೇ ವಿಮಾನ 2007ರ ಏಪ್ರಿಲ್‌ನಲ್ಲಿ ಹಾರಿತು.

ಪ್ರಶ್ನೆ (ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿನಿ): ಹಾರಿದ ಮೇಲೆ ತಯಾರಿಕೆಗೆ ಏನು ಅಡ್ಡಿ? ಅದರ ಪ್ರೊಪೆಲ್ಲರ್‌ಗಳು ಹಿಂದಕ್ಕೆ ಮುಖ ಮಾಡಿಕೊಂಡಿದ್ದು ಯಾಕೆ ಅಂತಲೂ ಹೇಳಿ.

ಉತ್ತರ: ಮೊದಲು ಪ್ರೊಪೆಲ್ಲರ್ ವಿಚಾರ ನೋಡೋಣ. ಸಾಮಾನ್ಯವಾಗಿ ಎಂಜಿನ್ ರೆಕ್ಕೆಯ ಮೇಲಿರುತ್ತದೆ, ಪ್ರೊಪೆಲ್ಲರ್ ಮುಂದಿದ್ದು ವಿಮಾನವನ್ನು ಎಳೆಯುತ್ತದೆ. ಸರಸ್‌ನಲ್ಲಿ ಎಂಜಿನ್‌ಗಳು ಬಾಲದ ಹತ್ತಿರ, ಒಡಲಿನ ಎರಡೂ ಪಕ್ಕಕ್ಕೆ ಇದ್ದವು. ಪ್ರೊಪೆಲ್ಲರ್‌ಗಳು ಹಿಂದೆ ನಿಂತು ವಿಮಾನವನ್ನು ತಳ್ಳುತ್ತಿದ್ದವು. ಇದರಿಂದ ಒಳಗೆ ಕೂತವರಿಗೆ ಸದ್ದು ಕಡಿಮೆ, ರೆಕ್ಕೆಯ ಮೇಲೆ ಗಾಳಿ ಅಡೆತಡೆಯಿಲ್ಲದೆ ಹರಿಯುತ್ತದೆ. ಆದರೆ ಪ್ರೊಪೆಲ್ಲರ್‌ಗೆ ಸಿಗುವುದು ಒಡಲು ಮತ್ತು ಎಂಜಿನ್ ಕವಚ ಮೊದಲೇ ಕಲಕಿ ಬಿಟ್ಟ ಗಾಳಿ. ಭಾರವೆಲ್ಲ ಹಿಂದಿರುವುದರಿಂದ ತೂಕದ ಸಮತೋಲವೂ ಕಷ್ಟ. ಮೊದಲ ಪ್ರಯಾಣಿಕ ವಿಮಾನಕ್ಕೇ ಇಂಥ ವಿನ್ಯಾಸ ಆರಿಸಿದ್ದು ತುಂಬಾ ದೊಡ್ಡ ಧೈರ್ಯ. ನನ್ನನ್ನು ಕೇಳಿದರೆ ಸ್ವಲ್ಪ ಜಾಸ್ತಿಯೇ ಆಯಿತು.

ಆದರೂ ದೊಡ್ಡ ಅಡ್ಡಿಯಾಗಿದ್ದು ತೂಕ. ಖಾಲಿ ವಿಮಾನ ಸುಮಾರು 4,100 ಕಿಲೊ ಇರಬೇಕು ಅಂತ ಲೆಕ್ಕ ಹಾಕಿದ್ದರು. ಮೊದಲ ಮೂಲಮಾದರಿ ತೂಗಿದ್ದು ಸುಮಾರು 5,100 ಕಿಲೊ. 14 ಜನರ ವಿಮಾನದಲ್ಲಿ ಒಂದು ಟನ್ ಹೆಚ್ಚಾದರೆ, ಹತ್ತಿರ ಹತ್ತಿರ ಎಲ್ಲ ಪ್ರಯಾಣಿಕರ ತೂಕವನ್ನೂ ಕಬ್ಬಿಣ-ಅಲ್ಯೂಮಿನಿಯಮ್ಮೇ ತಿಂದಂತಾಯಿತು, ಅಲ್ವಾ?

ಅದಕ್ಕಾಗಿ 850 ಅಶ್ವಶಕ್ತಿಯ ಎಂಜಿನ್ ಬಿಟ್ಟು, ಎರಡನೇ ವಿಮಾನಕ್ಕೆ 1,200 ಅಶ್ವಶಕ್ತಿಯವನ್ನು ಹಾಕಿದರು. ಎರಡೂ ಕೆನಡಾದ ಪ್ರ್ಯಾಟ್ ಅಂಡ್ ವಿಟ್ನಿಯ ಪಿಟಿ6 ಜಾತಿಯವೇ. ಇಷ್ಟಕ್ಕೇ ತೊಂದರೆ ತೀರುವುದಿಲ್ಲ. ಎಂಜಿನ್ ದೊಡ್ಡದಾದರೆ ಅದನ್ನು ಹಿಡಿದುಕೊಳ್ಳುವ ಚೌಕಟ್ಟು ಗಟ್ಟಿಯಾಗಬೇಕು, ಇಂಧನ ಹೆಚ್ಚು ಬೇಕು, ಭಾರ ಏರಿದಂತೆ ಚಕ್ರ ಮತ್ತು ಬ್ರೇಕ್ ಬದಲಿಸಬೇಕು, ಇವೆಲ್ಲ ಸೇರಿ ತೂಕ ಮತ್ತೆ ಏರುತ್ತದೆ. ಪ್ರಮಾಣಪತ್ರ ಕೊಡುವವರು ಕೇಳುವ ಒಂದು ಮುಖ್ಯ ಪ್ರಶ್ನೆ ಏನೆಂದರೆ, ಟೇಕಾಫ್ ಆಗುವಾಗ ಒಂದು ಎಂಜಿನ್ ಕೈಕೊಟ್ಟರೆ, ಇನ್ನೊಂದರಿಂದಲೇ ಈ ವಿಮಾನ ನಿಗದಿಯಾದಷ್ಟು ಕಡಿದಾಗಿ ಮೇಲೇರುತ್ತದಾ? ಭಾರದ ವಿಮಾನ ಸೋಲುವುದು ಅಲ್ಲಿಯೇ. ಚಾಲಕರು ನಿಯಂತ್ರಣಗಳನ್ನು ಅಲುಗಾಡಿಸಲು ಹೆಚ್ಚು ಬಲ ಹಾಕಬೇಕಾಗುತ್ತದೆ ಅನ್ನುವ ದೂರೂ ಇತ್ತು. ಇವೆಲ್ಲ ಹೊಸ ವಿಮಾನದಲ್ಲಿ ಬರುವ ತೊಂದರೆಗಳೇ. ಒಂದೊಂದಾಗಿ ತಿದ್ದಿಕೊಂಡು ಹೋಗಲು ಹಲವು ಮೂಲಮಾದರಿ ಬೇಕು, ನೂರಾರು ಗಂಟೆ ಹಾರಾಟ ಬೇಕು, ಅದೇ ತಂಡ ವರ್ಷಗಟ್ಟಲೆ ಒಟ್ಟಿಗೆ ಇರಬೇಕು. ನಮ್ಮಲ್ಲಿ ಇದ್ದಿದ್ದು ಎರಡೇ ವಿಮಾನ.

ಪ್ರಶ್ನೆ (ರಾಮನಗರದಿಂದ): ಬಿಡದಿ ಹತ್ತಿರ ಬಿದ್ದಿದ್ದು ಇದೇ ವಿಮಾನವಾ?

ಉತ್ತರ: ಹೌದು, ಎರಡನೆಯದು. 2009ರ ಮಾರ್ಚ್ 6ರಂದು, ಶೇಷಗಿರಿಹಳ್ಳಿಯ ಬಳಿ. ಅವತ್ತು ಆಕಾಶದಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಈ ಮೂವರೂ ತೀರಿಕೊಂಡರು. ವಾಯುಪಡೆಯ ಪರೀಕ್ಷಾ ಹಾರಾಟ ಸಂಸ್ಥೆಯವರು ಅವರು. ಮರಳಿ ಹೊತ್ತಿಸಲು ವಿನ್ಯಾಸಕಾರರು ಹೇಳಿಕೊಟ್ಟ ವಿಧಾನವೇ ತಪ್ಪಾಗಿತ್ತು, ಅದನ್ನು ಸಾಕಷ್ಟು ಎತ್ತರ ಇಲ್ಲದ ಕಡೆ ಮಾಡಿದ್ದರಿಂದ ವಿಮಾನ ವೇಗವಾಗಿ ಕೆಳಗಿಳಿಯಿತು ಅಂತ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ತನಿಖೆ ಹೇಳಿತು. ಕಾಗದದ ಮೇಲೆ ಬರೆದುಕೊಟ್ಟ ಕ್ರಮ ಸರಿಯಾ ತಪ್ಪಾ ಅನ್ನುವುದನ್ನು ಪರೀಕ್ಷಾ ಚಾಲಕರು ತಮ್ಮ ಜೀವ ಮುಂದಿಟ್ಟು ನೋಡುತ್ತಾರೆ. ಸರಸ್ ಬಗ್ಗೆ ಮಾತಾಡುವಾಗ ನಾವು ಈ ಮೂವರ ಹೆಸರನ್ನು ಬಿಡಬಾರದು, ದಯವಿಟ್ಟು.

ಆಮೇಲೆ ಯೋಜನೆ ಕುಂಟಿತು. ಹಣ ನಿಂತಿತು. ಹಳೆಯ ಮೊದಲ ವಿಮಾನವನ್ನೇ ಬಿಚ್ಚಿ, 1,200 ಅಶ್ವಶಕ್ತಿಯ ಎಂಜಿನ್, ದೊಡ್ಡ ಪ್ರೊಪೆಲ್ಲರ್, ಬದಲಾಯಿಸಿದ ರಡ್ಡರ್ (ಬಾಲದಲ್ಲಿ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಹಲಗೆ), ಹೊಸ ಬ್ರೇಕ್, ಇಲ್ಲೇ ಮಾಡಿದ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆ ವ್ಯವಸ್ಥೆ ಎಲ್ಲ ಹಾಕಿ ಅದನ್ನು ಮತ್ತೆ ಹಾರಿಸಿದ್ದು 2018ರ ಜನವರಿ 24ರಂದು. ನಡುವೆ ಹೆಚ್ಚುಕಡಿಮೆ ಒಂಬತ್ತು ವರ್ಷ! ಅಷ್ಟು ಹೊತ್ತಿಗೆ ಎಷ್ಟೋ ಜನ ನಿವೃತ್ತರಾಗಿರುತ್ತಾರೆ, ಕಲಿತದ್ದು ಅವರ ಜೊತೆಗೇ ಹೋಗುತ್ತದೆ. ನನಗೆ ಅಪಘಾತಕ್ಕಿಂತಲೂ ಈ ಒಂಬತ್ತು ವರ್ಷವೇ ಯೋಜನೆಗೆ ಬಿದ್ದ ದೊಡ್ಡ ಪೆಟ್ಟು ಅನ್ನಿಸುತ್ತದೆ.

ಪ್ರಶ್ನೆ (ಮೈಸೂರಿನಿಂದ): ಎಚ್‌ಎಎಲ್ ಡಾರ್ನಿಯರ್ ಮಾಡುತ್ತಿದೆಯಲ್ಲ, ಸರಸ್ ಯಾಕೆ ಬೇಕು?

ಉತ್ತರ: ಡಾರ್ನಿಯರ್ 228 ಒಳ್ಳೆಯ ವಿಮಾನ, ಕಾನ್ಪುರದಲ್ಲಿ ತಯಾರಾಗುತ್ತದೆ. ಆದರೆ ಮೂಲ ವಿನ್ಯಾಸ ಜರ್ಮನಿಯದು, ಕ್ಯಾಬಿನ್‌ನೊಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆಯೂ ಇಲ್ಲ. ಹೀಗಾಗಿ ಮೋಡ, ಕೆಟ್ಟ ಹವೆಗಳ ಮೇಲೆ ಎತ್ತರದಲ್ಲಿ ಆರಾಮಾಗಿ ಹೋಗಲು ಆಗುವುದಿಲ್ಲ. ಸರಸ್‌ನಲ್ಲಿ ಆ ಒತ್ತಡದ ವ್ಯವಸ್ಥೆ ಇತ್ತು.

ಪ್ರಶ್ನೆ (ಬೆಳಗಾವಿಯಿಂದ): ಬೇರೆ ದೇಶದಲ್ಲೂ ಹೀಗೆ ಆಗಿದೆಯೇ? ಸರಸ್ ಮುಗಿದ ಕಥೆಯಾ?

ಉತ್ತರ: ಆಗಿದೆ. ಬ್ರೆಜಿಲ್‌ನ ಎಂಬ್ರೇರ್, ಅರ್ಜೆಂಟೀನಾ ಜೊತೆ ಸೇರಿ ಸಿಬಿಎ-123 ಅನ್ನುವ 19 ಸೀಟಿನ ವಿಮಾನ ಮಾಡಿತ್ತು. ಅದಕ್ಕೂ ಹಿಂದಿನಿಂದ ತಳ್ಳುವ ಎರಡು ಎಂಜಿನ್. 1990ರಲ್ಲಿ ಹಾರಿತು, ಬೆಲೆ ವಿಪರೀತ ಆಯಿತು, ಕೊಳ್ಳುವವರು ಬರಲಿಲ್ಲ, ಎರಡೇ ವಿಮಾನಕ್ಕೆ ನಿಂತಿತು. ಆದರೆ ಅವರ ಎಂಜಿನಿಯರುಗಳ ಕೆಲಸ ನಿಲ್ಲಲಿಲ್ಲ. ಅಲ್ಲಿ ಕಲಿತದ್ದನ್ನು ಇಆರ್‌ಜೆ-145 ಜೆಟ್‌ಗೆ ಬಳಸಿದರು, ಅದು 1995ರಲ್ಲೇ ಹಾರಿತು, ನೂರಾರು ಸಂಖ್ಯೆಯಲ್ಲಿ ಮಾರಾಟವೂ ಆಯಿತು.

ನಮ್ಮಲ್ಲಿ ಈಗ 19 ಸೀಟಿನ ಸರಸ್ ಎಂಕೆ-2, ಅಂದರೆ ಎರಡನೇ ಆವೃತ್ತಿಯ ಕೆಲಸ ಎನ್‌ಎಎಲ್‌ನಲ್ಲಿ ನಡೆದಿದೆ. ತೂಕ ಇಳಿಸುವುದು, ಗಾಳಿಯ ಎಳೆತ ಕಡಿಮೆ ಮಾಡುವುದು ಇದರ ಮುಖ್ಯ ಗುರಿಗಳು. ವಾಯುಪಡೆ ಮೊದಲಿಗೆ 15 ವಿಮಾನಗಳಿಗೆ ಆಸಕ್ತಿ ತೋರಿಸಿದೆ. ಹಾಗಾಗಿ ಮುಗಿದ ಕಥೆ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಎರಡು ಮೂಲಮಾದರಿಗೇ ಕೈ ಕಟ್ಟಿ ಕೂರಿಸಿ, ಮಧ್ಯೆ ಹಣ ನಿಲ್ಲಿಸಿದರೆ ಎಂಕೆ-2 ಗತಿಯೂ ಅದೇ ಆಗುತ್ತದೆ. ಶಿವಮೊಗ್ಗದ ವಿದ್ಯಾರ್ಥಿನಿ ಓದು ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಈ ತಂಡ ಚದುರದೆ ಇರಲಿ ಅನ್ನುವುದು ನನ್ನ ಆಸೆ.