ನಾಲ್ಕನೇ ಪುಟದಿಂದ ಶುರು ಮಾಡಿ

ಮಾಸ್ತರ್ರೇ, ನಮಸ್ಕಾರ.

ಕೊಪ್ಪಳದಿಂದ ನೀವು ಕಳಿಸಿದ 'ಅತಿಭಾರದ ಧಾತುಗಳ ಒಳರಚನೆ' ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ಬಳ್ಳಾರಿಯ ನಮ್ಮ ಆಫೀಸಿನಲ್ಲಿ, ಇನ್ನೊಂದು ಸಲ ಕರೆಂಟು ಹೋದಾಗ ಹೊರಗಿನ ಕಟ್ಟೆ ಮೇಲೆ ಕೂತು. ನೇರವಾಗಿ ಹೇಳುತ್ತೇನೆ, ಇದ್ದ ಹಾಗೇ ಅಚ್ಚು ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ.

ಮೊದಲ ಮೂರು ಪುಟ ತೆಗೆದುಹಾಕಿ. 'ಅನಾದಿ ಕಾಲದಿಂದಲೂ ಮಾನವನು' ಎಂದು ಶುರುವಾಗುವ ಬರಹಗಳು ನನ್ನ ಮೇಜಿಗೆ ವಾರ ವಾರವೂ ಬರುತ್ತವೆ. ನೀವು ಕಣಾದನಿಂದ ಹೊರಟು ರುದರ್‌ಫರ್ಡ್ ದಾಟಿ ವಿಷಯಕ್ಕೆ ಬರುವಷ್ಟರಲ್ಲಿ ಓದುಗ ಆ ಹಾಳೆಯಲ್ಲಿ ಮಿರ್ಚಿ ಕಟ್ಟಿಸಿಕೊಂಡಿರುತ್ತಾನೆ.

ನಿಮ್ಮ ನಿಜವಾದ ಲೇಖನ ನಾಲ್ಕನೇ ಪುಟದಲ್ಲಿದೆ, ಅದೂ ಒಂದೇ ಸಾಲು. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕೊಸುಕೆ ಮೊರಿಟಾ ತಂಡ 113ನೇ ಧಾತುವಿಗಾಗಿ ಒಂಬತ್ತು ವರ್ಷ ದುಡಿದು ಮೂರು ಪರಮಾಣು ಪಡೆಯಿತು ಅಂತ. ಮೂರೇ ಮೂರು! 2004ರಲ್ಲಿ ಒಂದು, 2005ರಲ್ಲಿ ಒಂದು, ಆಮೇಲೆ 2012ರವರೆಗೆ ಬರೀ ಕಾಯುವುದು. ಮಳೆ ಕಾದು ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥದ್ದನ್ನು ಒಂದು ಸಾಲಿನಲ್ಲಿ ಮುಗಿಸುವುದಾ?

ಆ ಸಾಲಿನಲ್ಲೇ ಒಂದು ತಪ್ಪೂ ಇದೆ. 'ಹೊಸ ಧಾತುವನ್ನು ಕಣ್ಣಾರೆ ಕಂಡರು' ಎಂದಿದ್ದೀರಿ. ಯಾರೂ ಕಾಣಲಿಲ್ಲ. ಸತುವಿನ ನ್ಯೂಕ್ಲಿಯಸ್‌ಗಳನ್ನು, ಅಂದರೆ ಪರಮಾಣುವಿನ ನಡುವಿನ ತಿರುಳನ್ನು, ಜೋರಾಗಿ ಬಿಸ್ಮತ್ ಎಂಬ ಲೋಹಕ್ಕೆ ಹೊಡೆದರು. 30 ಪ್ರೋಟಾನು, 83 ಪ್ರೋಟಾನು, ಕೂಡಿದರೆ 113. ತೂಕದ ಲೆಕ್ಕದಲ್ಲಿ 70 ಮತ್ತು 209; ಒಂದು ನ್ಯೂಟ್ರಾನು ಹಾರಿಹೋಗಿ 278 ಉಳಿಯಿತು. ಅದರ ಆಯುಸ್ಸು ಮಿಲಿಸೆಕೆಂಡುಗಳ ಲೆಕ್ಕದ್ದು. ಆಲ್ಫಾ ಕಣ (ಎರಡು ಪ್ರೋಟಾನು, ಎರಡು ನ್ಯೂಟ್ರಾನಿನ ಗಂಟು) ಉಗುಳಿ 111 ಆಯಿತು, ಮತ್ತೆ ಉಗುಳಿ 109, ಆಮೇಲೆ 107, 105. ಮೊದಲೆರಡು ಸಲ ಅಲ್ಲಿಗೆ ಬಂದು ಎರಡು ಹೋಳಾಯಿತು. ಮೂರನೇ ಸಲ ಇನ್ನೂ ಎರಡು ಮೆಟ್ಟಿಲು ಇಳಿದು 101ಕ್ಕೆ ಹೋಯಿತು. ಈ ಸಾಲಿನ ಕೊನೆಯವರು ವಿಜ್ಞಾನಿಗಳಿಗೆ ಮೊದಲೇ ಪರಿಚಯದವರು. ಅವರನ್ನು ಹಿಡಿದು ಹಿಂದಕ್ಕೆ ಹೋದರೆ ಅಜ್ಜ, ಅಂದರೆ 113, ಸಿಗುತ್ತಾನೆ. ಗವಿಮಠದ ಜಾತ್ರೆಯಲ್ಲಿ ಹಿರಿಯರು 'ನೀನು ಯಾರ ಪೈಕಿ' ಎಂದು ಕೇಳಿ ಮೂರು ತಲೆಮಾರು ಹಿಂದೆ ಹೋಗುತ್ತಾರಲ್ಲ, ಹಾಗೆ.

ಇನ್ನು ತಲೆಬರಹ. 'ಒಳರಚನೆ' ಅಂತ ಹೆಸರಿಟ್ಟು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ. ಆಲ್ಫಾ ಕಣ ಎಷ್ಟು ಶಕ್ತಿ ಹೊತ್ತು ಬಂತು ಎಂಬುದರಲ್ಲೇ ಒಳಗಿನ ಸುದ್ದಿ ಇರುತ್ತದೆ. ರಾಯಚೂರಿನ ಹತ್ತಿ ಮಾರ್ಕೆಟ್ಟಿನ ಲೆಕ್ಕ ಮಾಡಿ. ದಲ್ಲಾಳಿ ಸಾವಿರ ಕೊಡಬೇಕಿತ್ತು, ಎಂಟುನೂರು ಕೊಟ್ಟ. ಉಳಿದ ಇನ್ನೂರು ಅವನ ಹತ್ತಿರವೇ ಇದೆ ಅಲ್ವಾ? ಹಾಗೇ ಆಲ್ಫಾ ಕಡಿಮೆ ತಂದರೆ ಮಿಕ್ಕಿದ್ದು ಉಳಿದ ನ್ಯೂಕ್ಲಿಯಸ್ಸಿನಲ್ಲಿ ನಿಂತಿದೆ. ಅದು ಗಾಮಾ ಕಿರಣವಾಗಿ ಹೊರಬರುತ್ತದೆ, ಕೆಲವು ಸಲ ಒಂದು ಎಲೆಕ್ಟ್ರಾನನ್ನು ಆಚೆ ಒದೆಯುತ್ತದೆ. ಆಲ್ಫಾವನ್ನೂ ಇದನ್ನೂ ಒಟ್ಟಿಗೆ ಹಿಡಿದರೆ ಪ್ರೋಟಾನು, ನ್ಯೂಟ್ರಾನುಗಳು ಶಕ್ತಿಯ ಯಾವ ಮೆಟ್ಟಿಲ ಮೇಲೆ ಕೂತಿವೆ ಎಂಬ ಸುಳಿವು ಸಿಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರ ನೇತೃತ್ವದ ತಂಡ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 115ನೇ ಧಾತು ಹೀಗೆ ಮೆಟ್ಟಿಲಿಳಿಯುವ 30 ಸರಣಿಗಳನ್ನು ಹಿಡಿದು ಹೀಗೇ ಅಳೆಯಿತು; 2013ರಲ್ಲಿ ಪ್ರಕಟಿಸಿತು. ನಿಮ್ಮ ತಲೆಬರಹಕ್ಕೆ ತಕ್ಕ ಕಥೆ ಅದು. ಅದನ್ನು ಸೇರಿಸಿ.

'ಸ್ಥಿರತೆಯ ದ್ವೀಪ', ಅಂದರೆ ಬೇಗ ಒಡೆಯದ ಅತಿಭಾರದ ನ್ಯೂಕ್ಲಿಯಸ್‌ಗಳ ಗುಂಪು, ಸಿಕ್ಕರೆ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲೇ ಬೇಡ ಎಂಬ ಪ್ಯಾರಾ ದಯವಿಟ್ಟು ಬೇಡ. ಒಂಬತ್ತು ವರ್ಷಕ್ಕೆ ಮೂರು ಪರಮಾಣು ಸಿಕ್ಕರೆ ಒಂದು ಕಪ್ ಚಹಾ ಕಾಯುವುದಿಲ್ಲ. ಅಲ್ಲಿ ನ್ಯೂಕ್ಲಿಯಸ್‌ಗಳು ಜಾಸ್ತಿ ಹೊತ್ತು ಬಾಳಬಹುದು ಎಂಬುದು ಲೆಕ್ಕಾಚಾರದ ಮಾತು. ಅಷ್ಟೇ ಹೇಳಿ.

ಭಾಷೆಯ ಬಗ್ಗೆ ಒಂದೇ ಮಾತು. 'ಸ್ವಯಂಪ್ರೇರಿತ ವಿದಳನಕ್ಕೆ ಒಳಪಡಲ್ಪಡುತ್ತದೆ' ಎಂದು ನೀವು ಕ್ಲಾಸಿನಲ್ಲಿ ಹೇಳುತ್ತೀರಾ? 'ತಾನೇ ಒಡೆಯುತ್ತದೆ' ಅನ್ನುತ್ತೀರಿ. ಹಾಗೇ ಬರೆಯಿರಿ.

ಕೊನೆಯ ಪುಟದಲ್ಲಿ ನಿಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದೆ: 'ಸರ್, ಮೂರೇ ಇದ್ದರೆ ಅದಕ್ಕೆ ಹೆಸರಿಡಬಹುದಾ?' ಲೇಖನ ಅಲ್ಲಿಂದಲೇ ಶುರುವಾಗಲಿ. 2016ರಲ್ಲಿ ನಿಹೋನಿಯಂ ಎಂಬ ಹೆಸರು ಒಪ್ಪಿಗೆಯಾಯಿತು, ಅದು ನಿಮಗೆ ಗೊತ್ತು. ಆದರೆ ಆ ಹುಡುಗಿಗೆ ನೀವು ಏನು ಹೇಳಿದಿರಿ? ಅದನ್ನು ಬರೆದೇ ಇಲ್ಲ. ಮುಂದಿನ ಸಲ ಅದೂ ಇರಲಿ, ಆರು ಪುಟ ಮೀರದಿರಲಿ.